ದೇಶ ಸುತ್ತಿದ್ದಾಯಿತು, ಕೋಶ ಓದುವುದು ಯಾವುದರಲ್ಲಿ?

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತಿನಲ್ಲಿ ಅರ್ಧವನ್ನು ನಾವು ಕೊಲ್ಲಿಯ ಕನ್ನಡಿಗರು ಚೆನ್ನಾಗಿಯೇ ಪಾಲಿಸಿದ್ದೇವೆ. ದೇಶ ಸುತ್ತಿದ್ದಾಯಿತು. ಉಳಿದಿರುವುದು ಕೋಶ. ರಜೆ ಮುಗಿಸಿ ಊರಿನಿಂದ ಹೊರಡುವ ಹಿಂದಿನ ರಾತ್ರಿ ನಮ್ಮೆಲ್ಲರ ಮನೆಗಳಲ್ಲೂ ನಡೆಯುವ ದೃಶ್ಯ ಒಂದೇ. ಸೂಟ್‌ಕೇಸ್ ತೂಗಿ ನೋಡಿದರೆ 30 ಕಿಲೋ ದಾಟಿರುತ್ತದೆ. ಸಾಂಬಾರ್ ಪುಡಿ ಬಿಡುವಂತಿಲ್ಲ, ಅತ್ತೆ ಕೊಟ್ಟ ಉಪ್ಪಿನಕಾಯಿ ಬಿಟ್ಟರೆ ಮನೆಯಲ್ಲಿ ಯುದ್ಧ, ಹಪ್ಪಳ ತೆಗೆದರೆ ತೂಕವೇ ಇಳಿಯುವುದಿಲ್ಲ. ಕೊನೆಗೆ ಹೊರಗೆ ಬರುವುದು ಪುಸ್ತಕಗಳು. ‘ಮುಂದಿನ ಸಲ ತಗೊಂಡು ಹೋದ್ರಾಯ್ತು’ ಎಂದು ಅವನ್ನು ಬೀರುವಿನಲ್ಲಿಟ್ಟು ವಿಮಾನ ಹತ್ತುತ್ತೇವೆ.

ಹೀಗಾಗಿಯೇ ಇರಬೇಕು, ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಡಾಕ್ಟ್ರೇ, ಯಾವ ಟ್ಯಾಬ್ಲೆಟ್ ತಗೊಳ್ಳಲಿ?’ ‘ಊಟಕ್ಕೆ ಮೊದಲೋ, ಆಮೇಲೋ?’ ಎಂದು ನಾನು ನಗುತ್ತೇನೆ. ಅವರು ಕೇಳುವುದು ನುಂಗುವ ಟ್ಯಾಬ್ಲೆಟ್ ಅಲ್ಲ, ಓದುವ ಟ್ಯಾಬ್ಲೆಟ್. ಜೊತೆಗೇ ಇನ್ನೊಂದು ಪ್ರಶ್ನೆ: ‘ಕಣ್ಣಿಗೆ ಯಾವುದು ಒಳ್ಳೆಯದು?’ ನಾನು ಕಣ್ಣಿನ ವೈದ್ಯನಲ್ಲ, ಸಾಮಾನ್ಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಿದವನು. ಆದರೂ ಈ ಪ್ರಶ್ನೆಗೆ ನನ್ನಲ್ಲೊಂದು ಉತ್ತರವಿದೆ. ಅದನ್ನು ಕಲಿಸಿದ್ದು ಕಾಲೇಜಲ್ಲ, ನನ್ನ ಅಮ್ಮ.

ಅಜ್ಜಿಗೆ ಕಾಣದ ಪುಸ್ತಕ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಾಸನದಿಂದ ದುಬೈಗೆ ನಮ್ಮಲ್ಲಿಗೆ ಬಂದರು. ಅಮ್ಮ ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಆದರೆ ತ್ರಿವೇಣಿಯವರ ಒಂದು ಕಾದಂಬರಿಯನ್ನೂ ಬಿಟ್ಟವರಲ್ಲ. ‘ಸುಧಾ’ ವಾರಪತ್ರಿಕೆ ಬಂದ ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿದ್ದುದು ತಡವಾಗಿಯೇ. ಅಂಥ ಅಮ್ಮ ಇಲ್ಲಿಗೆ ಬಂದ ಮೇಲೆ ಓದುವುದನ್ನೇ ಬಿಟ್ಟರು. ಪುಸ್ತಕ ಕೊಟ್ಟರೆ ನಾಲ್ಕು ಪುಟ ತಿರುವಿ ಮಡಚಿಡುತ್ತಿದ್ದರು. ಅಪ್ಪ ಹೋದ ದುಃಖ, ಊರು ಬಿಟ್ಟ ಬೇಸರ, ವಯಸ್ಸು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

2024ರ ಬೇಸಿಗೆಯಲ್ಲಿ ಅಮ್ಮನ ಹುಟ್ಟುಹಬ್ಬಕ್ಕೆ ಆರು ಇಂಚಿನ ಇ-ರೀಡರ್ ಒಂದನ್ನು ತಂದೆ. ರಾತ್ರಿ ಕುಳಿತು, ಸ್ಕ್ಯಾನ್ ಮಾಡಿಟ್ಟ ಹಳೆಯ ಕಾದಂಬರಿಗಳನ್ನು ಅದರೊಳಗೆ ತುಂಬಿಸಿದೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ತುಂಬಾ ಚೆನ್ನಾಗಿದೆ ಕಣೋ’ ಎಂದರು. ಎರಡು ವಾರವಾದರೂ ಅದು ದಿಂಬಿನ ಪಕ್ಕದಿಂದ ಕದಲಲಿಲ್ಲ. ಕೊನೆಗೆ ಗುಟ್ಟು ಬಿಟ್ಟುಕೊಟ್ಟವಳು ನನ್ನ ಕಿರಿಯ ಮಗಳು. ‘ಅಪ್ಪಾ, ಅಜ್ಜಿಗೆ ಅದು ಕಾಣಿಸ್ತಾನೇ ಇಲ್ಲ. ನೀವು ಬೇಜಾರು ಮಾಡ್ಕೋತೀರ ಅಂತ ಹೇಳಿಲ್ಲ ಅಷ್ಟೇ.’

ದಿನವೂ ಎಷ್ಟೋ ರೋಗಿಗಳ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತ ಕಡಿಮೆಯಾಗಿದೆಯೇ ಎಂದು ನೋಡುವ ನಾನು, ನನ್ನ ಅಮ್ಮನ ಕಣ್ಣನ್ನೇ ನೋಡಿರಲಿಲ್ಲ. ನೇತ್ರತಜ್ಞರ ಬಳಿಗೆ ಕರೆದುಕೊಂಡು ಹೋದರೆ ಎರಡೂ ಕಣ್ಣುಗಳಲ್ಲಿ ಪೊರೆ. ಅಮ್ಮ ಓದು ಬಿಟ್ಟಿರಲಿಲ್ಲ, ಓದೇ ಅಮ್ಮನನ್ನು ಬಿಟ್ಟಿತ್ತು.

ಆದ್ದರಿಂದ ನನ್ನ ಮೊದಲ ಸಲಹೆ ಇದು. ಮನೆಯ ಹಿರಿಯರಿಗೆ ಓದುವ ಸಾಧನ ಕೊಳ್ಳುವ ಮೊದಲು ಅವರ ಕಣ್ಣು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರಂತೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ನಮಗೂ ಅಷ್ಟೇ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಓದುವ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರು ಬಂದದ್ದೇ ಆ ನಲವತ್ತರಿಂದ.

ಎರಡು ಬಗೆಯ ಪರದೆ

ಅಂಗಡಿಯಲ್ಲಿ ಹತ್ತಾರು ಮಾದರಿಗಳಿದ್ದರೂ ಓದುವವರಿಗೆ ಇರುವುದು ಮುಖ್ಯವಾಗಿ ಎರಡೇ ಜಾತಿ.

ಮೊದಲನೆಯದು ಇ-ಇಂಕ್ ಪರದೆಯ ಇ-ರೀಡರ್. ಈ ತಂತ್ರವನ್ನು ಬೆಳೆಸಿದ ಇ ಇಂಕ್ ಕಂಪೆನಿ 1997ರಲ್ಲಿ ಅಮೆರಿಕದ ಎಂ.ಐ.ಟಿ. ಸಂಶೋಧಕರಿಂದ ಆರಂಭವಾಯಿತು. 2007ರ ನವೆಂಬರ್‌ನಲ್ಲಿ ಅಮೆಜಾನ್‌ನ ಕಿಂಡಲ್ ಬಂದ ಮೇಲೆ ಅದು ಮನೆಮಾತಾಯಿತು. ಈ ಪರದೆಯೊಳಗೆ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಿರುತ್ತವೆ. ಪ್ರತಿ ಗುಳಿಗೆಯಲ್ಲಿ ಕಪ್ಪು ಮತ್ತು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ ಹರಿಸಿದಾಗ ಬೇಕಾದ ಬಣ್ಣದ ಕಣ ಮೇಲೆ ಬಂದು ಅಕ್ಷರ ಮೂಡುತ್ತದೆ. ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ ಬೇಡ. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಕಾಗದದಂತೆ ಹೊರಗಿನ ಬೆಳಕಿನಲ್ಲೇ ಕಾಣುವುದರಿಂದ ಜುಮೇರಾದ ಕಡಲತೀರದ ಬಿಸಿಲಿನಲ್ಲೂ ಓದಬಹುದು. ತೂಕ ಸುಮಾರು 200 ಗ್ರಾಂ.

ಎರಡನೆಯದು ಟ್ಯಾಬ್ಲೆಟ್. 2010ರಲ್ಲಿ ಬಂದ ಆಪಲ್ ಐಪ್ಯಾಡ್ ಮತ್ತು ಅದರ ಹಿಂದೆ ಬಂದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳು ಈ ಜಾತಿಯವು. ಇಲ್ಲಿ ಪರದೆಯೇ ಬೆಳಕು ಸೂಸುತ್ತದೆ. ಬಣ್ಣದ ಚಿತ್ರ, ಧ್ವನಿ, ವಿಡಿಯೋ ಎಲ್ಲವೂ ಉಂಟು. ಹತ್ತು ಇಂಚಿನದಾದರೆ ಸುಮಾರು ಅರ್ಧ ಕಿಲೋ ತೂಕ, ದಿನ ಬಿಟ್ಟು ದಿನ ಚಾರ್ಜು. ಓದುತ್ತಿರುವಾಗಲೇ ವಾಟ್ಸಾಪ್ ಕೂಗಿ ಕರೆಯುವುದು ಇದರ ದೊಡ್ಡ ಕಾಯಿಲೆ. ಅದಕ್ಕೆ ನನ್ನಲ್ಲೂ ಮದ್ದಿಲ್ಲ.

ಕನ್ನಡ ಬರುತ್ತದೆಯೇ?

ಇಂಗ್ಲಿಷ್ ಕಾದಂಬರಿ ಮಾತ್ರ ಓದುವವರು ಕಣ್ಣು ಮುಚ್ಚಿ ಇ-ರೀಡರ್ ಕೊಳ್ಳಬಹುದು. ನಮ್ಮ ಕಷ್ಟ ಶುರುವಾಗುವುದು ಕನ್ನಡ ಓದಬೇಕು ಎಂದಾಗ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗಾಗಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಹೀಗೆ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಕನ್ನಡದ ಓದುಗರು ಬೇರೆ ದಾರಿ ಹುಡುಕಿಕೊಂಡರು. 2020ರಲ್ಲಿ ಬೆಂಗಳೂರಿನಿಂದ ಆರಂಭವಾದ ಮೈಲ್ಯಾಂಗ್ ಬುಕ್ಸ್ ಆ್ಯಪ್ ಮೂಲಕ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ತಂದಿತು. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕಗಳುಂಟು. ಇವೆಲ್ಲ ಆ್ಯಪ್‌ಗಳು, ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ನಡೆಯುತ್ತವೆ. ಮಾಮೂಲು ಇ-ರೀಡರ್‌ನಲ್ಲಿ ಇಂಥ ಆ್ಯಪ್ ಹಾಕಲಾಗುವುದಿಲ್ಲ. ಇ-ಇಂಕ್ ಪರದೆಯೂ ಬೇಕು, ಆ್ಯಪ್‌ಗಳೂ ಬೇಕು ಎನ್ನುವವರಿಗೆ ಓನಿಕ್ಸ್ ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ರೀಡರ್‌ಗಳಿವೆ.

ಇನ್ನೊಂದು ವಿಷಯ ನಾನು ಕೈ ಸುಟ್ಟುಕೊಂಡು ಕಲಿತದ್ದು. ಕನ್ನಡದ ಡಿಜಿಟಲ್ ಪುಸ್ತಕಗಳಲ್ಲಿ ಎರಡು ಬಗೆ. ಒಂದು, ಪುಟದ ಫೋಟೋ, ಅಂದರೆ ಸ್ಕ್ಯಾನ್ ಮಾಡಿದ ಪಿ.ಡಿ.ಎಫ್. ಇಂಟರ್‌ನೆಟ್ ಆರ್ಕೈವ್ ತಾಣದಲ್ಲಿ ಇಂಥ ಹಳೆಯ ಕನ್ನಡ ಪುಸ್ತಕಗಳು ರಾಶಿಯಾಗಿವೆ. ಇವುಗಳಲ್ಲಿ ಅಕ್ಷರ ಮಾತ್ರ ದೊಡ್ಡದಾಗುವುದಿಲ್ಲ. ಇಡೀ ಪುಟವನ್ನೇ ಹಿಗ್ಗಿಸಿ ಅತ್ತಿತ್ತ ಎಳೆದಾಡಬೇಕು. ಆರು ಇಂಚಿನಲ್ಲಿ ಅವು ಇರುವೆ ಸಾಲಿನಂತೆ ಕಾಣುತ್ತವೆ. ಅಮ್ಮನಿಗೆ ನಾನು ತುಂಬಿಸಿ ಕೊಟ್ಟದ್ದು ಇದನ್ನೇ. ಎರಡನೆಯದು ಯೂನಿಕೋಡ್ ಅಕ್ಷರಗಳ ಪುಸ್ತಕ. ಕನ್ನಡ ವಿಕಿಸೋರ್ಸ್‌ನಲ್ಲಿ ಇಂಥ ಪಠ್ಯಗಳಿವೆ. ಇಲ್ಲಿ ಅಕ್ಷರವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಿ, ಸಾಲುಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ಸ್ಕ್ಯಾನ್ ಪುಟ ಓದುವವರು ಹತ್ತು ಇಂಚಿಗೆ ಕಡಿಮೆ ಕೊಳ್ಳಬೇಡಿ.

ಹಣ ಕೊಡುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಅರ್ಥ’ ಎಂಬ ಮೂರು ಪದಗಳಿರುವ ಕನ್ನಡ ಕಡತವೊಂದನ್ನು ತೆರೆಯಿಸಿ ನೋಡಿ. ಒತ್ತಕ್ಷರ ಕೆಳಗೆ ಕೂಡದೆ ಪಕ್ಕದಲ್ಲಿ ನಿಂತರೆ, ಅರ್ಕಾವತ್ತು ಕಾಣೆಯಾದರೆ, ಅಕ್ಷರದ ಬದಲು ಚೌಕ ಬಂದರೆ ಆ ಸಾಧನಕ್ಕೆ ನಮ್ಮ ಭಾಷೆ ಬರುವುದಿಲ್ಲ ಎಂದೇ ಅರ್ಥ. ಆದರೆ ಕಡತ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಒಳ್ಳೆಯ ಸಾಧನದಲ್ಲೂ ಗೋಜಲಾಗಿ ಕಾಣಬಹುದು.

ಕಣ್ಣು, ನಿದ್ದೆ ಮತ್ತು ಎ.ಸಿ.

ಪರದೆ ನೋಡಿದರೆ ಕಣ್ಣು ಹಾಳಾಗುತ್ತದೆಯೇ? ದೊಡ್ಡವರ ಮಟ್ಟಿಗೆ ಹೇಳುವುದಾದರೆ ಕಣ್ಣು ದಣಿಯುತ್ತದೆ, ಹಾಳಾಗುವುದಿಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದು ಸಲವಾದರೂ ರೆಪ್ಪೆ ಬಡಿಯುತ್ತೇವೆ. ಪರದೆಯಲ್ಲಿ ಮುಳುಗಿದಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಜೊತೆಗೆ ಇಲ್ಲಿ ಹಗಲಿರುಳು ಎ.ಸಿ. ಗಾಳಿ. ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಎ.ಸಿ. ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆ ಕುಳಿತುಕೊಳ್ಳಿ. ನೀಲಿ ಬೆಳಕು ತಡೆಯುವ ದುಬಾರಿ ಕನ್ನಡಕಕ್ಕೆ ದಿರ್‌ಹಮ್ ಸುರಿಯಬೇಡಿ; ಅಮೆರಿಕದ ನೇತ್ರತಜ್ಞರ ಅಕಾಡೆಮಿಯೇ ಅದನ್ನು ಶಿಫಾರಸು ಮಾಡುವುದಿಲ್ಲ.

ನಿದ್ದೆಯ ಮಾತು ಬೇರೆ. ಬಾಸ್ಟನ್‌ನಲ್ಲಿ 12 ಆರೋಗ್ಯವಂತ ಯುವಜನರ ಮೇಲೆ ನಡೆಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮಲಗುವ ಮೊದಲು ನಾಲ್ಕು ಗಂಟೆ ಬೆಳಕು ಸೂಸುವ ಪರದೆಯಲ್ಲಿ ಓದಿದಾಗ, ಅಚ್ಚಾದ ಪುಸ್ತಕ ಓದಿದ ದಿನಗಳಿಗಿಂತ ನಿದ್ದೆ ಹತ್ತಲು ಸುಮಾರು ಹತ್ತು ನಿಮಿಷ ಹೆಚ್ಚು ಬೇಕಾಯಿತು. ನಿದ್ದೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನು ಗಣನೀಯವಾಗಿ ತಗ್ಗಿತ್ತು. ಕತ್ತಲ ಕೋಣೆಯಲ್ಲಿ ಟ್ಯಾಬ್ಲೆಟ್‌ನ ಬೆಳಕನ್ನು ಪೂರ್ತಿ ಏರಿಸಿಕೊಂಡು ಓದುವವರು ಇದನ್ನು ನೆನಪಿಡಿ. ಹಾಸಿಗೆಯ ಮೇಲಿನ ಓದಿಗೆ ಇ-ಇಂಕ್ ಪರದೆ ಮತ್ತು ಪಕ್ಕದಲ್ಲೊಂದು ಮಂದ ದೀಪ ಸಾಕು.

ಹಿರಿಯರ ವಿಚಾರದಲ್ಲಿ ಲೆಕ್ಕ ತಿರುಗುಮುರುಗು. ಅರವತ್ತರ ಕಣ್ಣಿನ ಒಳಗೆ ಸೇರುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಇ-ಇಂಕ್‌ನ ಬೂದು ಬಣ್ಣದ ಪುಟ ಅವರಿಗೆ ಮಂಕಾಗಿ ಕಾಣುತ್ತದೆ. ಬೆಳಕಿರುವ ಪರದೆ, ದೊಡ್ಡ ಅಕ್ಷರ ಅವರಿಗೆ ಅನುಕೂಲ. ಎಳೆಯ ಮಕ್ಕಳಿಗೆ ಮಾತ್ರ ಮಿತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡರಿಂದ ನಾಲ್ಕು ವರ್ಷದವರಿಗೆ ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು. ಅದಕ್ಕಿಂತ ಚಿಕ್ಕವರಿಗೆ ಅಮ್ಮನ ಮಡಿಲು ಮತ್ತು ಬಣ್ಣದ ಪುಸ್ತಕವೇ ಸರಿ.

ಯಾರಿಗೆ ಯಾವುದು?

ಇಷ್ಟೆಲ್ಲ ಹೇಳಿದ ಮೇಲೆ ಚೀಟಿ ಬರೆದುಕೊಡದಿದ್ದರೆ ನಾನೆಂಥ ವೈದ್ಯ?

ಅಬುಧಾಬಿ–ದುಬೈ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವವರು, ಹೆಚ್ಚಾಗಿ ಇಂಗ್ಲಿಷ್ ಓದುವವರು: ಆರೇಳು ಇಂಚಿನ ಇ-ರೀಡರ್.

ಕನ್ನಡ, ಇಂಗ್ಲಿಷ್ ಎರಡನ್ನೂ ಓದುವವರು: ಸಾಧಾರಣ ಬೆಲೆಯ ಆಂಡ್ರಾಯ್ಡ್ ಟ್ಯಾಬ್ಲೆಟ್; ಕೈಯಲ್ಲಿ ಹಣವಿದ್ದರೆ ಆಂಡ್ರಾಯ್ಡ್ ಇ-ರೀಡರ್.

ಹಿರಿಯರು: ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ಹತ್ತು ಇಂಚಿನ ಟ್ಯಾಬ್ಲೆಟ್ ಮತ್ತು ಅದನ್ನು ನಿಲ್ಲಿಸಲು ಒಂದು ಸ್ಟ್ಯಾಂಡ್. ಅರ್ಧ ಕಿಲೋ ಎತ್ತಿ ಹಿಡಿದರೆ ಎಪ್ಪತ್ತರ ಮಣಿಕಟ್ಟು ನೋಯುತ್ತದೆ.

ಕನ್ನಡ ಅರ್ಥವಾಗುತ್ತದೆ, ಓದಲು ಬಾರದು ಎನ್ನುವ ನಮ್ಮ ಮಕ್ಕಳು: ಕೇಳುಪುಸ್ತಕ. ಯೂನಿಕೋಡ್ ಪಠ್ಯವಾದರೆ ಆಂಡ್ರಾಯ್ಡ್ ಸಾಧನಗಳು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲವು.

ಎಲ್ಲರಿಗೂ ಎರಡು ಎಚ್ಚರಿಕೆ. ಆಗಸ್ಟ್ ತಿಂಗಳಲ್ಲಿ ಸಾಧನವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಐಪ್ಯಾಡ್ ಇಡಬಹುದಾದ ಗರಿಷ್ಠ ತಾಪಮಾನ 45 ಡಿಗ್ರಿ ಎಂದು ಆಪಲ್ ಹೇಳುತ್ತದೆ. ಇಲ್ಲಿನ ಬಿಸಿಲಲ್ಲಿ ನಿಂತ ಕಾರು ಅದನ್ನು ಬೇಗನೆ ದಾಟುತ್ತದೆ. ಎರಡನೆಯದು, ಕೊಂಡ ಇ-ಪುಸ್ತಕ ಬೀರುವಿನಲ್ಲಿಟ್ಟ ಪುಸ್ತಕದಂತಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಓದುಗರಿಗೆ ಹಣವೇನೋ ಮರಳಿ ಬಂತು, ಆದರೆ ಪುಸ್ತಕಗಳು ಹೋದವು. ತೀರಾ ಪ್ರೀತಿಯ ಪುಸ್ತಕವನ್ನು ಕಾಗದದಲ್ಲೂ ಇಟ್ಟುಕೊಳ್ಳಿ.

ಉಚಿತದ ಬಗ್ಗೆ ಒಂದು ಮಾತು

‘ಆ ಕಾದಂಬರಿಯ ಪಿ.ಡಿ.ಎಫ್. ಇದ್ದರೆ ಹಾಕಿ ಸಾರ್’ ಎಂಬ ಸಂದೇಶ ನಮ್ಮ ಗುಂಪುಗಳಲ್ಲಿ ವಾರಕ್ಕೊಂದು ಬರುತ್ತದೆ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. 1963ರಲ್ಲಿ, 34ರ ಹರೆಯದಲ್ಲೇ ನಮ್ಮನ್ನಗಲಿದ ತ್ರಿವೇಣಿಯವರ ಕೃತಿಗಳು 2024ರ ಜನವರಿಯಿಂದ ಎಲ್ಲರ ಸ್ವತ್ತು, ಧಾರಾಳವಾಗಿ ಹಂಚಿಕೊಳ್ಳಿ. ಆದರೆ ಇಂದು ಬರೆಯುತ್ತಿರುವವರ ಪುಸ್ತಕವನ್ನು ಹಾಗೆ ಹಂಚುವುದು ಕಳ್ಳತನ. ಒಂದು ಶವರ್ಮಾದ ಹಣಕ್ಕೆ ಎಷ್ಟೋ ಕನ್ನಡ ಇ-ಪುಸ್ತಕಗಳು ಸಿಗುತ್ತವೆ. ಕೊಳ್ಳುವವರಿಲ್ಲದ ಭಾಷೆಗೆ ಯಾವ ಕಂಪೆನಿಯೂ ಜಾಗ ಕೊಡುವುದಿಲ್ಲ. ನಾವು ಕೊಂಡರೆ ಮುಂದಿನ ಪಟ್ಟಿಯಲ್ಲಿ ಕನ್ನಡವೂ ಇರುತ್ತದೆ.

ಅಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಒಂದಾದ ಮೇಲೊಂದು ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಹತ್ತು ಇಂಚಿನ ಟ್ಯಾಬ್ಲೆಟ್ ಬಂತು. ನಾನು ಹಿಂದೆ ತುಂಬಿಸಿದ್ದ ಅದೇ ‘ಶರಪಂಜರ’ದ ಸ್ಕ್ಯಾನ್ ಪುಟ ಈಗ ಅಮ್ಮನಿಗೆ ನಿಚ್ಚಳವಾಗಿ ಕಂಡಿತು. ಮೊದಲ ದಿನವೇ ರಾತ್ರಿ ಒಂದು ಗಂಟೆಯವರೆಗೆ ಓದಿ, ಬೆಳಿಗ್ಗೆ ‘ನಿದ್ದೆನೇ ಬರ್ಲಿಲ್ಲ ಕಣೋ’ ಎಂದು ನನ್ನನ್ನೇ ದೂರಿದರು. ಆ ದೂರಿನಷ್ಟು ಸಂತೋಷ ನನಗೆ ಯಾವ ಹೊಗಳಿಕೆಯೂ ಕೊಟ್ಟಿಲ್ಲ. ಬೆಳಕು ತಗ್ಗಿಸುವುದನ್ನು ಮೊಮ್ಮಗಳು ಕಲಿಸಿಕೊಟ್ಟಳು. ಪ್ರತಿಯಾಗಿ ಅಜ್ಜಿ ಅವಳಿಗೆ ಒತ್ತಕ್ಷರ ಕಲಿಸುತ್ತಿದ್ದಾರೆ. ಇಬ್ಬರೂ ಒಂದೇ ಪರದೆಗೆ ತಲೆ ತಾಗಿಸಿ ಕುಳಿತಿರುತ್ತಾರೆ. ಅವಳ ಓದು ಇನ್ನೂ ತಡವರಿಸುತ್ತದೆ. ಪುಟಕ್ಕೆ ಕಾಲು ಗಂಟೆ. ಅಜ್ಜಿಗೆ ಅವಸರವಿಲ್ಲ.

ಆರು ಇಂಚಿನ ಆ ಇ-ರೀಡರ್ ಈಗ ನನ್ನ ಪಾಲಿಗೆ ಬಂದಿದೆ. ಈ ಹಬ್ಬಕ್ಕೆ ನಿಮ್ಮ ಮನೆಗೆ ಏನೇ ಕೊಳ್ಳಿ, ಮೊದಲು ಎರಡು ಪ್ರಶ್ನೆ ಕೇಳಿ: ಓದುವವರ ಕಣ್ಣು ಹೇಗಿದೆ? ಇದಕ್ಕೆ ಕನ್ನಡ ಬರುತ್ತದೆಯೇ? ಉಳಿದದ್ದನ್ನು ಅಂಗಡಿಯವನು ಹೇಳುತ್ತಾನೆ.

 ಸಿರಿಗನ್ನಡಂ ಗೆಲ್ಗೆ.