ಬಾಳೆಹಣ್ಣಿನ ಕಂಪನಿ, ಬಿದ್ದ ಸರ್ಕಾರ

ಬಾಳೆಹಣ್ಣು ಮಾರೋ ಕಂಪನಿ
ಒಂದು ಸರ್ಕಾರಾನೇ ಬೀಳಿಸಬಹುದಾ?

1952, ಗ್ವಾಟೆಮಾಲಾ.
ಪಾಳುಬಿದ್ದ ಜಮೀನು ಬಡ ರೈತರಿಗೆ ಅಂದ್ರು
ಅಧ್ಯಕ್ಷ ಅರ್ಬೆನ್ಸ್.

ದೊಡ್ಡ ಏಟು ಬಿದ್ದಿದ್ದು
ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಗೆ.
ಕಳೆದುಕೊಂಡ ಜಮೀನಿಗೆ ಪರಿಹಾರ ಎಷ್ಟು?
ತೆರಿಗೆ ಉಳಿಸೋಕೆ ಕಂಪನಿಯೇ ಬರೆಸಿದ್ದ ಕಡಿಮೆ ಬೆಲೆ!

ಕಂಪನಿ ಹತ್ರ ಒಬ್ಬ ಪ್ರಚಾರ ಚತುರ ಇದ್ದ.
ಎಡ್ವರ್ಡ್ ಬರ್ನೇಸ್.
ಅಮೆರಿಕದ ಪತ್ರಕರ್ತರನ್ನ
ಕಂಪನಿ ಖರ್ಚಲ್ಲೇ ಅಲ್ಲಿಗೆ ಕಳಿಸಿದ.
ಹೆಣ್ಣು ನೋಡೋಕೆ ಬಂದವರಿಗೆ
ನಡುಮನೆ ಮಾತ್ರ ತೋರಿಸಿದ ಹಾಗೆ,
ಬೇಕಾದ್ದಷ್ಟೇ ತೋರಿಸಿದ್ರು.

ಪೇಪರಲ್ಲಿ ಬಂದಿದ್ದೇನು?
‘ಅಲ್ಲಿ ಕಮ್ಯುನಿಸ್ಟರ ಕಾಟ’ ಅನ್ನೋ ಸುದ್ದಿ.
ಶೀತಲ ಸಮರದ ಭಯ ಮೊದಲೇ ಇತ್ತು.
ಕಂಪನಿ ಅದಕ್ಕೆ ಗಾಳಿ ಹಾಕಿತು.

1954.
ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬೆಂಬಲದ ಪಡೆ ನುಗ್ಗಿತು.
ಅರ್ಬೆನ್ಸ್ ಕೆಳಗಿಳಿದ್ರು.
ಜಮೀನು ವಾಪಸ್ ಕಂಪನಿಗೆ.

ಇನ್ಮುಂದೆ ಸುದ್ದಿ ಓದುವಾಗ
ಇದೊಂದು ಕೇಳಿ:
ವರದಿಗಾರರ ಟಿಕೆಟ್ ದುಡ್ಡು ಯಾರದು?