ಮಡಚುವ ಸೈಕಲ್ ಕೊಳ್ತೀರಾ? ಎಷ್ಟು ದೂರ ತುಳೀತೀರಿ, ಎಷ್ಟು ಮೆಟ್ಟಿಲು ಹೊರ್ತೀರಿ ಅಂತ ಮೊದಲು ಲೆಕ್ಕ ಹಾಕಿ

ಮಂಡ್ಯ, ಮದ್ದೂರು, ಪಾಂಡವಪುರದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋಗಿಬರುವವರಿಗೆ ಒಂದು ಲೆಕ್ಕ ಬಾಯಿಪಾಠ. ಮನೆಯಿಂದ ಸ್ಟೇಷನ್‌ಗೆ ಎರಡು ಮೂರು ಕಿಲೋಮೀಟರ್, ಅದಕ್ಕೆ ಬೈಕಿನ ಪೆಟ್ರೋಲು, ಸ್ಟ್ಯಾಂಡ್ ಬಾಡಿಗೆ. ಆ ಕಡೆ ಇಳಿದ ಮೇಲೆ ಆಟೋ, ಇಲ್ಲಾ ಸಿಟಿ ಬಸ್. ತಿಂಗಳ ಕೊನೆಗೆ ಕೂಡಿದರೆ ರೈಲಿನ ಪಾಸಿಗಿಂತ ಈ ಎರಡು ತುದಿಯ ಖರ್ಚೇ ಜಾಸ್ತಿ ಆಗಿರುತ್ತೆ. ಆಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ಕಾಣುತ್ತೆ: ಸೈಕಲ್ಲು, ನಡುಮಧ್ಯೆ ಮಡಚುತ್ತೆ, ಜೊತೆಗೇ ಒಯ್ಯಬಹುದು. ಪೇಟೆ ಬೀದಿಯ ಅಂಗಡಿಯವರಿಗೂ ಇದೇ ಆಸೆ. ಅಂಗಡಿ ಮುಂದೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಮಡಚಿ ಒಳಗೆ ಇಟ್ಟುಕೊಂಡರೆ ಆಯ್ತಲ್ಲ ಅಂತ.

ಆಸೆ ತಪ್ಪಲ್ಲ. ಆದರೆ ಚೆನ್ನಾಗಿ ಓಡಬೇಕು, ಸಣ್ಣದಾಗಿ ಮಡಚಬೇಕು, ಬೆಲೆಯೂ ಕಡಿಮೆ ಇರಬೇಕು ಅಂದರೆ ಮೂರೂ ಒಂದೇ ಸೈಕಲ್ಲಿನಲ್ಲಿ ಸಿಗೋದಿಲ್ಲ. ಎರಡು ಸಿಕ್ಕರೆ ಮೂರನೆಯದನ್ನ ಬಿಡಬೇಕಾಗುತ್ತೆ. ಯಾವುದನ್ನ ಬಿಡಬಹುದು ಅನ್ನೋದನ್ನ ನೀವು ದಿನಾ ಓಡಾಡೋ ದಾರಿ ಹೇಳುತ್ತೆ. ಇದನ್ನ ಯೋಚಿಸದೆ ಕೊಂಡರೆ ಎರಡು ತಿಂಗಳಿಗೆ ಅದು ಮಂಚದ ಕೆಳಗೆ ಸೇರುತ್ತೆ.

ಒಂದು ಚೀಟಿ, ಎರಡು ಲೆಕ್ಕ

ಒಂದು ಚೀಟಿ ತಗೊಂಡು ಎರಡು ಸಾಲು ಬರೆಯಿರಿ. ದಿನಕ್ಕೆ ಎಷ್ಟು ಕಿಲೋಮೀಟರ್ ತುಳೀಬೇಕು? ದಿನಕ್ಕೆ ಎಷ್ಟು ಸಲ, ಎಷ್ಟು ಮೆಟ್ಟಿಲು ಹೊರಬೇಕು?

ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಮೆಟ್ಟಿಲೇ ಇಲ್ಲ ಅನ್ನೋರಿಗೆ ತೂಕ ದೊಡ್ಡ ವಿಷಯ ಅಲ್ಲ. ಗಟ್ಟಿಯಾಗಿದ್ದು, ಕ್ಯಾರಿಯರ್ ಇದ್ದರೆ ಸಾಕು. ವಾರಕ್ಕೊಮ್ಮೆ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗೋರಿಗೂ ಒಂದೆರಡು ಕೆ.ಜಿ. ಹೆಚ್ಚಾದರೆ ನಷ್ಟ ಇಲ್ಲ. ರೈಲಿನವರ ಕಥೆ ಬೇರೆ. ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿಯಬೇಕು, ತುಂಬಿದ ಬೋಗಿಗೆ ನುಗ್ಗಬೇಕು, ಆ ಕಡೆ ಮತ್ತೆ ಮೆಟ್ಟಿಲು. ಅವರಿಗೆ ತೂಕ ಮತ್ತು ಗಾತ್ರವೇ ಮೊದಲು.

ಸಾಮಾನ್ಯವಾಗಿ ಮಡಚುವ ಸೈಕಲ್ ತೂಗೋದು 11ರಿಂದ 15 ಕೆ.ಜಿ. ಕಾಗದದ ಮೇಲೆ ಹಗುರ ಅನ್ನಿಸುತ್ತೆ. ಒಂದು ಪರೀಕ್ಷೆ ಮಾಡಿ ನೋಡಿ. ಮನೆಯ ಖಾಲಿ ಗ್ಯಾಸ್ ಸಿಲಿಂಡರ್ ಸುಮಾರು 15 ಕೆ.ಜಿ. ಇರುತ್ತೆ. ಅದನ್ನ ಒಂದು ಕೈಯಲ್ಲಿ ಹಿಡಿದು ಮಹಡಿ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ದಿನಾ ಬೆಳಿಗ್ಗೆ ಸಂಜೆ ಇದೇ ಕೆಲಸ ಮಾಡ್ತೀನಿ ಅನ್ನಿಸಿದರೆ ಮುಂದಿನ ಮಾತು.

ಚಕ್ರ 16 ಇಂಚೋ, 20 ಇಂಚೋ?

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗೋದು ಈ ಎರಡು ಅಳತೆ. 16 ಇಂಚಿನದು ಸಣ್ಣದಾಗಿ ಮಡಚುತ್ತೆ. 20 ಇಂಚಿನದು ರಸ್ತೆಯ ಮೇಲೆ ಚೆನ್ನಾಗಿ ಹೋಗುತ್ತೆ. ಚಕ್ರ ಸಣ್ಣದಾದಷ್ಟೂ ಗುಂಡಿಯೊಳಗೆ ಹೆಚ್ಚು ಇಳಿಯುತ್ತೆ, ಹಂಪ್ಸ್ ಹತ್ತುವಾಗ ಕೈಗೆ ಹೆಚ್ಚು ಏಟು ಬೀಳುತ್ತೆ. ಕಬ್ಬಿನ ಲೋಡಿನ ಟ್ರ್ಯಾಕ್ಟರ್ ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ದಿನಾ ಹೋಗೋರು 20 ಇಂಚು, ಸ್ವಲ್ಪ ದಪ್ಪ ಟೈರು ಇರೋದನ್ನೇ ನೋಡೋದು ಒಳ್ಳೆಯದು. 1.75 ಇಂಚಿನ ಟೈರು ನಮ್ಮ ರಸ್ತೆಗೆ ಹೊಂದುತ್ತೆ.

ಇಲ್ಲೊಂದು ಮೋಸ ಹೋಗೋ ಜಾಗ ಇದೆ. 20 ಇಂಚು ಅಂತ ಬರೆದ ಟೈರುಗಳೆಲ್ಲ ಒಂದೇ ಅಳತೆ ಅಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಣ್ಣ ಸಂಖ್ಯೆ ಓದಿ. 406 ಅಂತ ಇದ್ದರೆ ಅದು ಮಕ್ಕಳ 20 ಇಂಚಿನ ಸೈಕಲ್ಲಿಗೆ ಬರುವ ಅಳತೆಯೇ. ಟೈರು, ಟ್ಯೂಬು ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಯಲ್ಲೂ ಸಿಗುತ್ತೆ. 451 ಅಂತ ಇದ್ದರೆ ಅದು ಬೇರೆ ರಿಮ್ಮು, 406ರ ಟೈರು ಅದಕ್ಕೆ ಕೂರೋದಿಲ್ಲ. 16 ಇಂಚಿನಲ್ಲೂ ಹಾಗೇ: 305 ಮಕ್ಕಳ ಸೈಕಲ್ಲಿನ ಅಳತೆ, 349 ಬೇರೆ. ಟೈರು ಹರಿದ ದಿನ ಬೆಂಗಳೂರಿಗೆ ಓಡಬಾರದು ಅಂದರೆ 406 ಇಲ್ಲಾ 305 ಇರೋದನ್ನ ಆರಿಸಿ.

ವಾಲ್ವ್ ಕೂಡ ನೋಡಿ. ಬೈಕಿನ ಟ್ಯೂಬಿನಂಥ ವಾಲ್ವ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಹಿಡಿಸಬಹುದು. ಗಾಳಿ ಎಷ್ಟು ಅನ್ನೋದು ಟೈರಿನ ಮೇಲೇ ಬರೆದಿರುತ್ತೆ, ಅದಕ್ಕಿಂತ ಹೆಚ್ಚು ತುಂಬಿಸಬೇಡಿ.

ಸಣ್ಣ ಚಕ್ರ ಅಂದರೆ ಜಾಸ್ತಿ ತುಳೀಬೇಕಾ?

ಎಲ್ಲರೂ ಕೇಳೋ ಪ್ರಶ್ನೆ ಇದು. ಉತ್ತರ ಚಕ್ರದಲ್ಲಿ ಮಾತ್ರ ಇಲ್ಲ, ಹಲ್ಲಿನ ಲೆಕ್ಕದಲ್ಲೂ ಇದೆ. ಮುಂದಿನ ಚೈನ್ ವೀಲಿನ ಹಲ್ಲನ್ನ ಹಿಂದಿನ ಫ್ರೀವೀಲಿನ ಹಲ್ಲಿನಿಂದ ಭಾಗಿಸಿ, ಚಕ್ರದ ಇಂಚಿನಿಂದ ಗುಣಿಸಿ, ಅದನ್ನ 3.14ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗ್ತೀರಿ ಅಂತ ಸಿಗುತ್ತೆ.

ನಮ್ಮ ಹಳೇ 28 ಇಂಚಿನ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲು ಇದ್ದರೆ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ಅದೇ ಹಲ್ಲನ್ನ 20 ಇಂಚಿನ ಚಕ್ರಕ್ಕೆ ಹಾಕಿದರೆ ಬರೀ 3.9 ಮೀಟರ್. ಅಂಥ ಸೈಕಲ್ಲಿನಲ್ಲಿ ಕಾಲು ಗಿರಗಿರ ತಿರುಗುತ್ತೆ, ದಾರಿ ಸಾಗೋದಿಲ್ಲ. ಮುಂದೆ 52, ಹಿಂದೆ 14 ಇದ್ದರೆ ಅದೇ 20 ಇಂಚಿನ ಚಕ್ರ ಸುಮಾರು 5.9 ಮೀಟರ್ ಹೋಗುತ್ತೆ, ದೊಡ್ಡ ಸೈಕಲ್ಲಿಗಿಂತಲೂ ಮುಂದೆ. ಹಾಗಾಗಿ ಅಂಗಡಿಯಲ್ಲಿ ನಿಂತು ಹಲ್ಲು ಎಣಿಸೋಕೆ ನಾಚಬೇಡಿ.

ಗೇರ್ ಬೇಕಾ? ದಾರಿಯಲ್ಲಿ ಏರು, ಮೇಲ್ಸೇತುವೆ ಇದ್ದರೆ ಆರೇಳು ಗೇರ್ ಇರೋದು ಅನುಕೂಲ. ಸಮತಟ್ಟಾದ ಪೇಟೆಯೊಳಗೆ ಮೂರು ಕಿಲೋಮೀಟರಿಗೆ ಗೇರ್ ಇಲ್ಲದ್ದೇ ವಾಸಿ. ಕೆಡೋಕೆ ಏನೂ ಇರೋದಿಲ್ಲ. ಸಣ್ಣ ಚಕ್ರದ ಸೈಕಲ್ಲಿನಲ್ಲಿ ಗೇರಿನ ತೂಗು ಭಾಗ ನೆಲಕ್ಕೆ ಹತ್ತಿರ ಇರುತ್ತೆ, ಕೆಸರು ಧೂಳು ಬೇಗ ಹಿಡಿಯುತ್ತೆ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡೋ ತಾಳ್ಮೆ ಇರಬೇಕು.

ಇನ್ನೊಂದು ವಿಷಯ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರಿನ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯ ದೂರವನ್ನೇ ಲೆಕ್ಕಕ್ಕೆ ತಗೊಳ್ಳಿ.

ರೈಲು, ಮೆಟ್ರೋದಲ್ಲಿ ಬಿಡ್ತಾರಾ?

ರೈಲ್ವೆ ನಿಯಮದಲ್ಲಿ ಎರಡನೇ ದರ್ಜೆಯ ಪ್ರಯಾಣಿಕರಿಗೆ 35 ಕೆ.ಜಿ.ವರೆಗೆ ಲಗೇಜ್ ಉಚಿತ. ಆದರೆ ಸೈಕಲ್, ಸ್ಕೂಟರ್‌ನಂಥ ವಸ್ತುಗಳಿಗೆ ಈ ಉಚಿತ ತೂಕದ ಸೌಲಭ್ಯ ಅನ್ವಯಿಸೋದಿಲ್ಲ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆ, ಸೂಟ್‌ಕೇಸಿಗೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ ಅಂತ ಮಿತಿ ಇದೆ. 20 ಇಂಚಿನ ಸೈಕಲ್ ಮಡಚಿದರೆ ಸುಮಾರು 80 ಉದ್ದ, 65 ಎತ್ತರ, 35ರ ಆಸುಪಾಸು ದಪ್ಪ. ಅಂದರೆ ಮಿತಿ ದಾಟುತ್ತೆ. ಚೀಲದಲ್ಲಿ ಹಾಕಿ, ಬಾಗಿಲಿಗೂ ಓಡಾಟಕ್ಕೂ ಅಡ್ಡ ಬಾರದ ಹಾಗೆ ಇಟ್ಟುಕೊಂಡು ಒಯ್ಯೋರಿದ್ದಾರೆ. ಆದರೆ ಟಿಟಿಇ ಬೇಡ ಅಂದರೆ ‘ಇದು ನನ್ನ ಹಕ್ಕು’ ಅಂತ ವಾದ ಮಾಡೋಕೆ ಬರೋದಿಲ್ಲ.

ನಮ್ಮ ಮೆಟ್ರೋ 2022ರ ನವೆಂಬರಿನಲ್ಲಿ ಮಡಚುವ ಸೈಕಲ್ಲಿಗೆ ಅನುಮತಿ ಕೊಟ್ಟಿತು. ಕೊನೆಯ ಬೋಗಿ, ಲಗೇಜ್ ಟಿಕೆಟ್ ಬೇಡ, ತೂಕ 15 ಕೆ.ಜಿ. ಮೀರಬಾರದು. ಗಾತ್ರ ಮಾತ್ರ 60, 45, 25 ಸೆಂ.ಮೀ. ಒಳಗೆ ಇರಬೇಕು. ಸಣ್ಣದಾಗಿ ಮಡಚೋದರಲ್ಲಿ ಹೆಸರಾದ ಇಂಗ್ಲೆಂಡಿನ ಬ್ರಾಂಪ್ಟನ್ ಸೈಕಲ್ಲೇ ಮಡಚಿದಾಗ ಸುಮಾರು 58 ಉದ್ದ, 56 ಎತ್ತರ, 27 ದಪ್ಪ ಇರುತ್ತೆ. ಅಳತೆ ಪಟ್ಟಿ ಹಿಡಿದು ನೋಡಿದರೆ ಅದೂ ದಾಟುತ್ತೆ. ಹಾಗಾಗಿ ಮೆಟ್ರೋ ನೆಚ್ಚಿಕೊಂಡು ಕೊಳ್ಳೋರು ದುಡ್ಡು ಕೊಡೋ ಮುಂಚೆ ತಾವು ಹತ್ತುವ ಸ್ಟೇಷನ್‌ಗೆ ಹೋಗಿ, ಕೊಳ್ಳಬೇಕೆಂದಿರುವ ಸೈಕಲ್ಲಿನ ಅಳತೆ ಹೇಳಿ ಕೇಳಿಕೊಂಡು ಬನ್ನಿ.

ಮಡಚಿದ ಮೇಲೆ ಉರುಳಿಸಿಕೊಂಡು ಹೋಗೋಕೆ ಆಗುತ್ತಾ ಅಂತಲೂ ನೋಡಿ. ಪ್ಲಾಟ್‌ಫಾರ್ಮ್ ಉದ್ದಕ್ಕೂ ಹೊರೋದಕ್ಕೂ ಟ್ರಾಲಿ ಸೂಟ್‌ಕೇಸಿನ ಹಾಗೆ ಎಳೆಯೋದಕ್ಕೂ ವ್ಯತ್ಯಾಸ ಬಹಳ.

ಕೀಲು ಪರೀಕ್ಷೆ ಮಾಡದೆ ಹಣ ಕೊಡಬೇಡಿ

ಮಡಚುವ ಸೈಕಲ್ಲಿನ ಜೀವ ಇರೋದು ಅದರ ಕೀಲಿನಲ್ಲಿ. ಸಾಮಾನ್ಯವಾಗಿ ಚೌಕಟ್ಟಿನ ನಡುವೆ ಒಂದು, ಹ್ಯಾಂಡಲ್ ಕಂಬದ ಬುಡದಲ್ಲಿ ಒಂದು. ಓಡುವಾಗ ಹ್ಯಾಂಡಲ್ ಕೀಲು ಬಿಟ್ಟರೆ ಮುಖ ನೆಲಕ್ಕೆ ಬೀಳುತ್ತೆ. ಇಲ್ಲಿ ಐನೂರು ಸಾವಿರ ಉಳಿಸೋ ಲೆಕ್ಕ ಬೇಡ.

ಸೈಕಲ್ ಬಿಡಿಸಿ, ಲಾಕ್ ಹಾಕಿ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಹಿಂದೆ ಮುಂದೆ ಜಗ್ಗಿ. ಟಕ್ ಟಕ್ ಅಂತ ಸದ್ದು ಬಂದರೆ, ಕೀಲಿನ ಹತ್ತಿರ ಲೂಸ್ ಅನ್ನಿಸಿದರೆ ಬೇಡ. ಲಾಕಿನ ಮೇಲೆ ತಾನಾಗಿ ಬಿಚ್ಚಿಕೊಳ್ಳದ ಹಾಗೆ ಎರಡನೇ ಕೊಕ್ಕೆ ಇರಬೇಕು. ಸೀಟಿನ ಕಂಬದ ಮೇಲೆ ಒಂದು ಗೆರೆ ಇರುತ್ತೆ, ಆ ಗೆರೆ ಕಾಣುವಷ್ಟು ಮೇಲೆ ಎಳೆಯಬಾರದು. ಎತ್ತರದವರು ಗೆರೆಯೊಳಗೇ ಸೀಟು ಸಾಕಾಗುತ್ತಾ ನೋಡಿಕೊಳ್ಳಿ. ಎಷ್ಟು ಕೆ.ಜಿ. ಭಾರ ತಡೆಯುತ್ತೆ ಅನ್ನೋದನ್ನ ಕಂಪನಿ ಬರೆದಿರುತ್ತೆ. ನಿಮ್ಮ ತೂಕದ ಜೊತೆ ಚೀಲದ ತೂಕವನ್ನೂ ಸೇರಿಸಿ. ಮಕ್ಕಳನ್ನ ಡಬಲ್ ಕೂರಿಸೋಕೆ ಇದು ಆಗಿ ಬರೋದಿಲ್ಲ.

ಹಳೇದು ಕೊಳ್ಳೋದಾದರೆ ಕೀಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಬೆಳಕಿನಲ್ಲಿ ನೋಡಿ. ಅಲ್ಯೂಮಿನಿಯಂ ಚೌಕಟ್ಟು ಬಿರುಕು ಬಿಟ್ಟಿದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸರಿ ಮಾಡಿಸಿ ಓಡಿಸೋದು ಅಪಾಯ. ಬಿಟ್ಟುಬಿಡಿ.

ಬೆಲೆ ಎಷ್ಟು ಕೊಡಬಹುದು?

ಅಂದಾಜಿಗೆ ಹೇಳೋದಾದರೆ 10–15 ಸಾವಿರದೊಳಗೆ ಸಿಗೋವು ಹೆಚ್ಚಾಗಿ ಭಾರದ ಕಬ್ಬಿಣದವು. ಓಡುತ್ತವೆ, ಹೊರೋದು ಕಷ್ಟ. 20–40 ಸಾವಿರದ ನಡುವೆ ಕೀಲು, ಬ್ರೇಕು, ತೂಕ ಒಂದು ಹದಕ್ಕೆ ಬರುತ್ತವೆ. ಬ್ರಾಂಪ್ಟನ್‌ನಂಥವು ಲಕ್ಷ ದಾಟುತ್ತವೆ. ಅಷ್ಟು ಕೊಟ್ಟಾಗ ಸಿಗೋದು ಮುಖ್ಯವಾಗಿ ಸಣ್ಣ ಮಡಿಕೆ, ಹೆಚ್ಚು ವೇಗ ಅಲ್ಲ. ಬೆಲೆಯ ಮೇಲೆ ಮಡ್‌ಗಾರ್ಡ್, ಕ್ಯಾರಿಯರ್, ಲೈಟು, ಚೀಲ ಸೇರಿದೆಯಾ ಕೇಳಿ. ಸೇರದಿದ್ದರೆ ಅದೇ ಒಂದೆರಡು ಸಾವಿರ.

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ಅಂತ ನೋಡಿಕೊಳ್ಳಿ.

ಹಣ ಯಾವಾಗ ವಾಪಸ್ ಬರುತ್ತೆ? ಆಟೋ, ಸ್ಟ್ಯಾಂಡ್ ಸೇರಿ ದಿನಕ್ಕೆ 60 ರೂಪಾಯಿ ಉಳಿದರೆ, ತಿಂಗಳಿಗೆ 24 ದಿನಕ್ಕೆ 1,440. ಹದಿನೆಂಟು ಸಾವಿರದ ಸೈಕಲ್ಲಿಗೆ ಹನ್ನೆರಡೂವರೆ ತಿಂಗಳು. ಮಳೆ ಬಂದ ದಿನ, ಬೇಜಾರಾದ ದಿನ ಕಳೆದರೆ ಒಂದೂವರೆ ವರ್ಷ ಅಂತಿಟ್ಟುಕೊಳ್ಳಿ.

ಸೈಕಲ್ ಅಂಗಡಿಯವರಿಗೆ ಒಂದು ಮಾತು

‘ಅಣ್ಣಾ, ಫೋಲ್ಡಿಂಗ್ ಸೈಕಲ್ ಇದೆಯಾ’ ಅಂತ ಕೇಳೋರು ಬಂದರೆ ಹತ್ತು ಪೀಸ್ ತರಿಸಿ ಗೋಡೆಗೆ ಒರಗಿಸೋ ಮುಂಚೆ ಯೋಚಿಸಿ. 406 ಅಳತೆಯ ಒಂದು ಮಾದರಿ ಇಟ್ಟು, ಗಿರಾಕಿ ಓಡಿಸಿ, ಮಡಚಿ, ಎತ್ತಿ ನೋಡೋಕೆ ಬಿಟ್ಟರೆ ವ್ಯಾಪಾರ ತಾನಾಗಿ ಆಗುತ್ತೆ. ಆ ಕಂಪನಿಯಿಂದ ಕೀಲಿನ ಪಿನ್ನು, ಲಾಕಿನ ಬಿಡಿಭಾಗ ಬೇರೆಯಾಗಿ ಸಿಗುತ್ತಾ ಅಂತ ಮೊದಲೇ ಕೇಳಿ. ಸಿಗೋದಿಲ್ಲ ಅಂದರೆ ಅಂಥ ಮಾಲು ಇಡಬೇಡಿ. ಆರು ತಿಂಗಳಿಗೆ ಗಿರಾಕಿ ಜಗಳಕ್ಕೆ ಬರೋದು ನಿಮ್ಮ ಅಂಗಡಿಗೇ.

ಕೊಳ್ಳದೇ ಇರೋದೂ ಒಂದು ದಾರಿ

ಕೊನೆಯದಾಗಿ, ಮಡಚುವ ಸೈಕಲ್ ಎಲ್ಲರಿಗೂ ಬೇಕಾಗಿಲ್ಲ. ದಿನಾ ಅದೇ ಸ್ಟೇಷನ್ನಿನಲ್ಲಿ ಹತ್ತಿ ಅದೇ ಸ್ಟೇಷನ್ನಿನಲ್ಲಿ ಇಳಿಯೋರು ಎರಡು ಹಳೇ ಮಾಮೂಲಿ ಸೈಕಲ್ ಇಟ್ಟುಕೊಂಡರೆ ಆಯ್ತು, ಈ ತುದಿಗೊಂದು, ಆ ತುದಿಗೊಂದು. ಎರಡೂ ಸೇರಿ ಒಂದು ಮಡಚುವ ಸೈಕಲ್ಲಿನ ಅರ್ಧ ಬೆಲೆ ಆಗಬಹುದು. ಹೊರೋ ಕೆಲಸ ಇಲ್ಲ, ಟಿಟಿಇ ಚಿಂತೆ ಇಲ್ಲ, ಪಂಕ್ಚರ್ ಆದರೆ ಎಲ್ಲಾದರೂ ಹಾಕಿಸಬಹುದು. ಎರಡು ಕಡೆಯೂ ನಂಬಿಕಸ್ತ ಸ್ಟ್ಯಾಂಡ್ ಇದ್ದರೆ ಇದೇ ವಾಸಿ.

ಇಳಿಯೋ ಜಾಗ ದಿನಾ ಬದಲಾಗೋರು, ರಾತ್ರಿ ಹೊರಗೆ ನಿಲ್ಲಿಸಿದರೆ ಕಳುವಾಗೋ ಭಯ ಇರೋರು, ಬಾಡಿಗೆ ರೂಮಿನ ಎರಡನೇ ಮಹಡಿಯಲ್ಲಿರೋರು, ಅಂಗಡಿ ಒಳಗೇ ಇಡಬೇಕಾದವರು: ಮಡಚುವ ಸೈಕಲ್ ಇವರ ದುಡ್ಡಿಗೆ ಮೋಸ ಮಾಡೋದಿಲ್ಲ. ಆದರೂ ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಆರ್ಡರ್ ಮಾಡಬೇಡಿ. ಚೀಟಿ ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಎರಡು ಕಿಲೋಮೀಟರ್ ತುಳಿದು, ನೀವೇ ಮೂರು ಸಲ ಮಡಚಿ ಬಿಡಿಸಿ, ಒಂದು ಮಹಡಿ ಹೊತ್ತು ಹತ್ತಿ. ಆಮೇಲೆ ದುಡ್ಡಿನ ಮಾತಾಡಿ.