ಮುಕ್ಕಾಲು ಯೂನಿಟ್ ಬ್ಯಾಟರಿ, ಎಂಟು ವರ್ಷದ ವಾರಂಟಿ

ಹೈಬ್ರಿಡ್ ಕಾರು ನೋಡಲು ಹೋದವರು ಮೈಲೇಜ್ ವಿಚಾರಿಸಿದ ಬೆನ್ನಿಗೇ ಕೇಳುವುದು, ‘ಬ್ಯಾಟರಿ ಹೋದರೆ ಗತಿಯೇನು?’ ಶೋರೂಂನವರ ಉತ್ತರವೂ ಸಿದ್ಧ: ‘ಎಂಟು ವರ್ಷ ವಾರಂಟಿ ಇದೆ ಸರ್.’ ಮಾತು ನಿಜ, ಆದರೆ ಅರ್ಧ. 2022ರಲ್ಲಿ ಬಿಡದಿಯಿಂದ ಹೊರಬಂದ ಟೊಯೋಟ ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು.

ದಿನಾ ದಾವಣಗೆರೆಯಿಂದ ಹರಿಹರಕ್ಕೆ ಹೋಗಿಬರುವವರಿಗೆ ಸುಮಾರು 28 ಕಿ.ಮೀ. ಅವರಿಗೆ ಮೊದಲು ಮುಗಿಯುವುದು ವರ್ಷಗಳೇ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ವ್ಯಾಪಾರಿಗೆ ಅದೊಂದರಿಂದಲೇ ವರ್ಷಕ್ಕೆ 26,000 ಕಿ.ಮೀ. ಆಗುತ್ತದೆ, ಆರು ವರ್ಷ ದಾಟುವಷ್ಟರಲ್ಲಿ ವಾರಂಟಿ ಖಾಲಿ.

ಹೈರೈಡರ್‌ನ ಈ ಬ್ಯಾಟರಿಯಲ್ಲಿ ಹಿಡಿಸುವುದು 0.76 ಯೂನಿಟ್ ವಿದ್ಯುತ್ ಮಾತ್ರ. ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೊ ಆಗಿ ಅದನ್ನು ತುಂಬಿಸುತ್ತದೆ, ಹೊರಡುವಾಗ ಅದೇ ವಿದ್ಯುತ್ತು ಚಕ್ರ ತಿರುಗಿಸುತ್ತದೆ. ಕಾರಿನ ಕಂಪ್ಯೂಟರು ಬ್ಯಾಟರಿಯನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಅಷ್ಟು ಚಿಕ್ಕ ಬ್ಯಾಟರಿ ವರ್ಷಗಟ್ಟಲೆ ಬಾಳುವ ಗುಟ್ಟು ಅದೇ. ಕಂಪನಿ ಅಷ್ಟು ದೀರ್ಘ ವಾರಂಟಿ ಕೊಡಲು ಧೈರ್ಯ ಮಾಡುವುದೂ ಅದರಿಂದಲೇ.

ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಅನೇಕ ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಹತ್ತಿರ ಜಾಲರಿಯ ಕಿಂಡಿಯೊಂದಿರುತ್ತದೆ. ಒಳಗಿನ ಫ್ಯಾನು ಅಲ್ಲಿಂದಲೇ ತಣ್ಣನೆ ಗಾಳಿ ಎಳೆದು ಬ್ಯಾಟರಿಗೆ ಊದುತ್ತದೆ. ಮೆಕ್ಕೆಜೋಳದ ಚೀಲ ಅದಕ್ಕೆ ಅಡ್ಡ ಒರಗಿಸಿದರೆ, ಹೊಟ್ಟು, ದೂಳು ಅಲ್ಲಿನ ಫಿಲ್ಟರಿನಲ್ಲಿ ಕೂತರೆ ಬ್ಯಾಟರಿ ಕುದಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಂತೂ ಸರ್ವಿಸ್‌ಗೆ ಬಿಟ್ಟಾಗ ಫಿಲ್ಟರ್ ತೆಗೆಸಿ ಕಣ್ಣಾರೆ ನೋಡುವುದು ಒಳ್ಳೆಯದು.

ವಾರಂಟಿ ಕಾಯುವುದು ತಯಾರಿಕೆಯ ದೋಷವನ್ನು. ವಯಸ್ಸಾದಂತೆ ಶಕ್ತಿ ನಿಧಾನವಾಗಿ ಕುಗ್ಗುವುದು ಸಾಮಾನ್ಯವಾಗಿ ದೋಷದ ಲೆಕ್ಕಕ್ಕೆ ಬರುವುದಿಲ್ಲ. ತುಂಗಭದ್ರೆ ಉಕ್ಕಿ ಹರಿಹರದ ತಗ್ಗು ಬಡಾವಣೆಗೆ ನೀರು ನುಗ್ಗಿ ಕಾರು ಮುಳುಗಿದರೆ ಕೇಳಬೇಕಾದದ್ದು ವಿಮಾ ಕಂಪನಿಯನ್ನು. ಹೊರಗೆ ಲೈಟು, ಆಂಪ್ಲಿಫೈಯರ್ ಹಾಕಿಸಲು ವೈರಿಂಗ್ ಕತ್ತರಿಸಿದ್ದರೂ ವಾರಂಟಿ ತಕರಾರಿಗೆ ಬೀಳುತ್ತದೆ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನಂತೂ ಯಾರಿಂದಲೂ ಮುಟ್ಟಿಸಬೇಡಿ. ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಇನ್ನೊಂದು ಗೊಂದಲ ಎಷ್ಟೋ ಜನರನ್ನು ವಿನಾಕಾರಣ ಹೆದರಿಸುತ್ತದೆ. ಹೈಬ್ರಿಡ್‌ನಲ್ಲಿ ಮಾಮೂಲಿ 12 ವೋಲ್ಟಿನ ಬ್ಯಾಟರಿಯೂ ಇದೆ. ಕಾರಿನ ಕಂಪ್ಯೂಟರಿಗೆ ಜೀವ ಬರುವುದು ಅದರಿಂದ. ಅದು ಸತ್ತರೆ ಡ್ಯಾಶ್‌ಬೋರ್ಡಿನಲ್ಲಿ ‘ರೆಡಿ’ ದೀಪ ಹತ್ತುವುದಿಲ್ಲ, ಕಾರು ಅಲ್ಲಾಡುವುದಿಲ್ಲ. ದೊಡ್ಡ ಬ್ಯಾಟರಿಯೇ ಹೋಯಿತೆಂದು ಎದೆ ಒಡೆದುಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ. ಇದಕ್ಕೆ ಎಂಟು ವರ್ಷದ ಭರವಸೆ ಇರುವುದಿಲ್ಲ, ಆದರೆ ಬದಲಿಸುವ ಖರ್ಚೂ ಲಕ್ಷಗಳಲ್ಲಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ: ವಾರಂಟಿಯ ಗಡಿಯಾರ ಓಡತೊಡಗುವುದು ಮೊದಲ ಮಾಲೀಕನಿಗೆ ಕಾರು ಕೊಟ್ಟ ದಿನದಿಂದ. ಆ ದಿನಾಂಕ, ಓಡಿದ ಕಿಲೋಮೀಟರ್, ಸರ್ವಿಸ್ ದಾಖಲೆ, ಬ್ಯಾಟರಿ ತಪಾಸಣೆಯ ವರದಿ, ಇಷ್ಟನ್ನೂ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಮುಂಗಡ ಕೊಡಿ.